ಕೈಗೆ ತಣ್ಣಗಿದ್ದರೆ ಸಾಕೇ?

ಪ್ರಶ್ನೆ: ಹೋದ ತಿಂಗಳು ಗದಗಿನಲ್ಲಿ ನಮ್ಮ ಅವ್ವನ ಆಪರೇಷನ್ ಇತ್ತು. ಹುಬ್ಬಳ್ಳಿಯ ಬ್ಲಡ್ ಬ್ಯಾಂಕೊಂದರಿಂದ ಒಂದು ಬಾಟ್ಲಿ ರಕ್ತ ತಂದೆ. ಥರ್ಮಾಕೋಲ್ ಡಬ್ಬಿಯಲ್ಲಿ ಐಸ್ ಪ್ಯಾಕ್ ಹಾಕಿ ಕೊಟ್ಟಿದ್ದರು. ಆದರೆ ಅವ್ವನ ಬಿಪಿ ಏರಿ ಆಪರೇಷನ್ ಮರುದಿನಕ್ಕೆ ಹೋಯಿತು. ರಾತ್ರಿ ಚೀಲವನ್ನು ಮನೆ ಫ್ರಿಜ್‌ನಲ್ಲಿ ಇಟ್ಟೆ. ಬೆಳಿಗ್ಗೆ ಆಸ್ಪತ್ರೆಯವರು ಹಾಕುವುದಿಲ್ಲ ಅಂದರು, ಬ್ಲಡ್ ಬ್ಯಾಂಕಿನವರೂ ವಾಪಸ್ ತೆಗೆದುಕೊಳ್ಳಲಿಲ್ಲ. ಮುಟ್ಟಿದರೆ ತಣ್ಣಗೇ ಇತ್ತು ಸರ್! ಸುಮ್ನೆ ಚೆಲ್ಲುವುದು ಅಂದರೆ ಹೇಗೆ?
– ಓದುಗರು, ಗದಗ

ಉತ್ತರ: ಅವ್ವ ಈಗ ಆರಾಮ ಇದ್ದಾರೆ ಅಂದುಕೊಳ್ಳುತ್ತೇನೆ. ಯಾರೋ ಕೊಟ್ಟ ರಕ್ತ ಕಣ್ಣೆದುರೇ ಹಾಳಾದರೆ ಹೊಟ್ಟೆ ಉರಿಯುತ್ತದೆ, ಬ್ಲಡ್ ಬ್ಯಾಂಕಿನಲ್ಲಿ ಕೆಲಸ ಮಾಡುವ ನಮಗೂ ಅಷ್ಟೇ. ಆದರೂ ಅವರಿಬ್ಬರೂ ಮಾಡಿದ್ದು ಸರಿ.

ರಕ್ತದ (ಅದರ ಕೆಂಪು ಕಣಗಳ) ಚೀಲ 2ರಿಂದ 6 ಡಿಗ್ರಿ ಸೆಲ್ಸಿಯಸ್ ಒಳಗೇ ಇರಬೇಕು. ಸಾಗಿಸುವಾಗ 10ರವರೆಗೆ ನಡೆಯುತ್ತದೆ. 5 ಡಿಗ್ರಿಯ ಚೀಲವೂ ಕೈಗೆ ತಣ್ಣಗೆ, 14 ಡಿಗ್ರಿಯದೂ ತಣ್ಣಗೆ. ಕೈಗೆ ಆ ವ್ಯತ್ಯಾಸ ಗೊತ್ತಾಗುವುದಿಲ್ಲ, ಅಲ್ವಾ? ಬಿಸಿ ಏರಿದರೆ, ರಕ್ತ ತೆಗೆಯುವಾಗ ಚರ್ಮದಿಂದ ಅಪ್ಪಿತಪ್ಪಿ ಸೇರಿದ ಒಂದೆರಡು ಬ್ಯಾಕ್ಟೀರಿಯಾ ಕೂಡ ಬೆಳೆಯತೊಡಗುತ್ತವೆ. ತೀರಾ ತಣ್ಣಗಾಗಿ ಮಂಜುಗಟ್ಟಿದರೆ ಇನ್ನೊಂದು ಕಷ್ಟ. ಕಣದೊಳಗಿನ ನೀರು ಮಂಜಾಗಿ ಕಣವೇ ಒಡೆಯುತ್ತದೆ, ಅಂಥ ರಕ್ತ ಹಾಕಿದರೆ ರೋಗಿಯ ಕಿಡ್ನಿಗೆ ಪೆಟ್ಟು. ಎಷ್ಟೋ ಸಲ ಚೀಲ ನೋಡಿದರೆ ಏನೂ ಆಗಿಲ್ಲ ಅನ್ನಿಸುತ್ತದೆ.

ಮನೆ ಫ್ರಿಜ್‌ನ ಬಾಗಿಲು ಹಾಲಿಗೆ, ಮೊಸರಿಗೆ, ಮಕ್ಕಳ ನೀರಿಗೆ ಅಂತ ತೆರೆಯುತ್ತಲೇ ಇರುತ್ತದೆ. ಕರೆಂಟ್ ಹೋದರೆ ಕೇಳುವವರಿಲ್ಲ, ಐಸ್ ಖಾನೆಯ ಪಕ್ಕ ಸೊನ್ನೆಗೂ ಇಳಿಯಬಹುದು. ನಮ್ಮ ಬ್ಲಡ್ ಬ್ಯಾಂಕಿನ ಫ್ರಿಜ್‌ನೊಳಗೆ ಒಂದು ಸಣ್ಣ ಶೀಶೆ ಇರುತ್ತದೆ, ಅದರಲ್ಲಿನ ದ್ರವದಲ್ಲಿ ಥರ್ಮಾಮೀಟರಿನ ತುದಿ ಮುಳುಗಿರುತ್ತದೆ. ಬಾಗಿಲು ತೆರೆದರೆ ಗಾಳಿ ತಕ್ಷಣ ಬಿಸಿಯಾಗುತ್ತದೆ, ದ್ರವ ಆಗುವುದಿಲ್ಲ. ಚೀಲದೊಳಗಿನ ರಕ್ತಕ್ಕೆ ಎಷ್ಟು ತಟ್ಟಿತು ಅಂತ ಆ ಶೀಶೆ ಹೇಳುತ್ತದೆ. ಹಳೆಯ ಫ್ರಿಜ್‌ಗಳಲ್ಲಿ ದುಂಡನೆಯ ಕಾಗದದ ಮೇಲೆ ಪೆನ್ನು ವಾರವಿಡೀ ತಾಪಮಾನದ ಒಂದೇ ಗೆರೆ ಎಳೆಯುತ್ತದೆ, ಹೊಸದರಲ್ಲಿ ಅದನ್ನು ತಾನೇ ದಾಖಲಿಸುವ ಡಿಜಿಟಲ್ ಲಾಗರ್. ಮಿತಿ ದಾಟುವ ಮೊದಲೇ ಅಲಾರಂ ಹೊಡೆಯುತ್ತದೆ. ನಿಮ್ಮ ಚೀಲಕ್ಕೆ ಆ ರಾತ್ರಿಯ ಗೆರೆಯೇ ಇಲ್ಲ. ಗೆರೆ ಇಲ್ಲದ ರಕ್ತವನ್ನು ಇನ್ನೊಬ್ಬರ ನರಕ್ಕೆ ಯಾವ ಧೈರ್ಯದ ಮೇಲೆ ಬಿಡುವುದು ಹೇಳಿ? ಫ್ರಿಜ್‌ನಿಂದ ಹೊರಬಂದು 30 ನಿಮಿಷ ಮೀರಿದ ಚೀಲವನ್ನು ಮತ್ತೆ ಸ್ಟಾಕಿಗೆ ಸೇರಿಸುವುದಿಲ್ಲ, ರೋಗಿಗೆ ಹಾಕುವುದಾದರೆ 4 ಗಂಟೆಯೊಳಗೆ ಮುಗಿಸಬೇಕು.

ಮುಂದೆ ಹೀಗಾದರೆ ಡಬ್ಬಿ ಬಿಚ್ಚಬೇಡಿ, ಆಪರೇಷನ್ ಮುಂದೆ ಹೋಗಿದೆ ಅಂತ ತಿಳಿದ ಕೂಡಲೇ ಬ್ಲಡ್ ಬ್ಯಾಂಕಿಗೆ ಫೋನ್ ಮಾಡಿ, ಜೊತೆಗೆ ಆಸ್ಪತ್ರೆಯಲ್ಲಿ ರಕ್ತ ಇಡುವ ಫ್ರಿಜ್ ಇದೆಯಾ ಕೇಳಿ. ಹುಬ್ಬಳ್ಳಿಯಿಂದ ಗದಗಿಗೆ 60 ಕಿಲೋಮೀಟರ್ ಹತ್ತಿರ ದಾರಿ. ಏಪ್ರಿಲ್ ಬಿಸಿಲಲ್ಲಿ ಡಬ್ಬಿ ಕಾರಿನ ಡಿಕ್ಕಿಯಲ್ಲಿ ಬೇಡ, ಕಾಲ ಬಳಿ ನೆರಳಲ್ಲಿ ಇಟ್ಟುಕೊಳ್ಳಿ. ಅಣ್ಣಿಗೇರಿಯಲ್ಲಿ ಚಹಾಕ್ಕೆ ನಿಲ್ಲುವುದೂ ಬೇಡ. ಜಾಸ್ತಿ ತಂಪಾಗಲಿ ಅಂತ ಕೆಲವರು ಅಂಗಡಿಯ ಐಸ್ ತಂದು ಚೀಲದ ಮೇಲೇ ಸುರಿಯುತ್ತಾರೆ, ದಯವಿಟ್ಟು ಬೇಡ. ಐಸ್ ಚೀಲಕ್ಕೆ ತಾಗಲೇಬಾರದು, ನಡುವೆ ರಟ್ಟು ಇರಬೇಕು.

ಪ್ರಶ್ನೆ: ಡೆಂಗಿಯಾದ ಅಣ್ಣನಿಗೆ ಪ್ಲೇಟ್‌ಲೆಟ್ ತರುವಾಗ ಐಸ್ ಹಾಕಿಯೇ ಕೊಡಲಿಲ್ಲ. ಮರೆತರಾ?
– ಓದುಗರು, ಹಾವೇರಿ

ಉತ್ತರ: ಮರೆತಿಲ್ಲ, ಬೇಕಂತಲೇ ಹಾಕಿಲ್ಲ. ಪ್ಲೇಟ್‌ಲೆಟ್‌ಗೆ, ಅಂದರೆ ರಕ್ತಸ್ರಾವ ನಿಲ್ಲಿಸುವ ಸಣ್ಣ ಕಣಗಳಿಗೆ, 20ರಿಂದ 24 ಡಿಗ್ರಿ ಬೇಕು. ಇಟ್ಟಲ್ಲಿ ಮಷಿನ್ ಅದನ್ನು ಸದಾ ಮೆಲ್ಲಗೆ ತೂಗುತ್ತಿರುತ್ತದೆ, ಬಾಳಿಕೆ 5 ದಿನ ಅಷ್ಟೇ. ತಂಪಾದರೆ ಅವುಗಳ ಆಕಾರ ಕೆಟ್ಟು, ಒಳಗೆ ಹೋದ ಮೇಲೆ ದೇಹವೇ ಬೇಗ ತೆಗೆದುಹಾಕುತ್ತದೆ. ಹಾವೇರಿಯ ಬೇಸಿಗೆಯಲ್ಲಿ 24 ದಾಟುವುದು ಸುಲಭ, ಹಾಗಾಗಿ ಐಸ್ ಇಲ್ಲದಿದ್ದರೂ ಡಬ್ಬಿ ಬೇಕೇ ಬೇಕು. ತಂದ ಮೇಲೆ ಫ್ರಿಜ್ ಕಡೆ ಹೋಗದೆ ನೇರವಾಗಿ ವಾರ್ಡಿನ ಸಿಸ್ಟರ್ ಕೈಗೆ ಕೊಡಿ.