ರಾತ್ರಿಯ ಪೆಗ್ಗು, ಬೆಳಗಿನ ಕಾಫಿ

ನನ್ನ ಬಳಿ ಆಪ್ತಸಲಹೆಗೆ ಬಂದವರು ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರು, ನಡುವಯಸ್ಸಿನವರು. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಜೊತೆಗೆ ಪತ್ನಿಯೂ ಇದ್ದರು. ಶ್ರಾವಣದ ಜಡಿಮಳೆ, ಅಡಿಕೆ ಕಾಯಿ ಕೊಳೆತು ಉದುರುವ ಕೊಳೆರೋಗಕ್ಕೆ ಎರಡನೆಯ ಸಲ ಔಷಧಿ ಹೊಡೆಸಲು ಬಿಡುವೇ ಸಿಕ್ಕಿರಲಿಲ್ಲ. ಕಾಯಿ ಉದುರುವ ಸದ್ದು ಮಲಗಿದರೂ ಕಿವಿಯಲ್ಲೇ ಇರುತ್ತದೆ ಎಂದರು. ನಿದ್ದೆಗೆಂದು ರಾತ್ರಿ ಮೂರು ಪೆಗ್. ಮಂಪರು ಇಳಿಯಲೆಂದು ಬೆಳಗ್ಗೆ ಗಟ್ಟಿ ಕಾಫಿ. ಸಂಜೆಯೊಳಗೆ ಏಳು ಲೋಟ.

"ಮೈಲುತುತ್ತಕ್ಕೆ ಸುಣ್ಣ ಬೆರೆಸಿದ ಹಾಗೆ ಮೇಡಂ, ಒಂದರ ಉರಿಯನ್ನು ಇನ್ನೊಂದು ತಣಿಸುತ್ತದೆ."

"ಇವರು ಎರಡು ಗಂಟೆಗೇ ಎದ್ದು ಜಗಲಿಯಲ್ಲಿ ಓಡಾಡುತ್ತಾರೆ" ಎಂದರು ಪತ್ನಿ.

ಮೈಲುತುತ್ತವೆಂದರೆ ತಾಮ್ರದ ಸಲ್ಫೇಟ್; ಅದಕ್ಕೆ ಸುಣ್ಣ ಬೆರೆಸಿದ ದ್ರಾವಣವೇ ಕೊಳೆರೋಗದ ಔಷಧಿ. ಆ ಹೋಲಿಕೆಯನ್ನೇ ಹಿಡಿದುಕೊಂಡೆ. ನೂರು ಲೀಟರ್ ನೀರಿಗೆ ಎಷ್ಟು ಹಾಕುತ್ತೀರಿ? ತಲಾ ಒಂದು ಕಿಲೋ. ಹದ ತಿಳಿಯುವುದು ಹೇಗೆ? ಕತ್ತಿ ಅದ್ದಿದರೆ ತಾಮ್ರದ ಕೆಂಪು ಹತ್ತಬಾರದು. ಹತ್ತಿದರೆ ಇನ್ನಷ್ಟು ಸುಣ್ಣ. ಅಲ್ಲಿ ಎರಡೂ ಒಂದೇ ಡ್ರಮ್ಮಿನಲ್ಲಿ ಕೂಡಿ ಉರಿ ಕಳೆದುಕೊಳ್ಳುತ್ತವೆ. ಕಾಫಿಯಾದರೋ ಮದ್ಯವನ್ನು ಮುಟ್ಟುವುದೇ ಇಲ್ಲ. ಅದನ್ನು ಕರಗಿಸುವುದು ಯಕೃತ್ತು, ತನ್ನದೇ ನಿಧಾನದಲ್ಲಿ. ಕಾಫಿ ಮಂಪರನ್ನು ಮರೆಸುತ್ತದೆ, ಅಮಲನ್ನು ಇಳಿಸುವುದಿಲ್ಲ. ಕಾಫಿ ಕುಡಿದೊಡನೆ ಬೈಕ್ ಹತ್ತಿ ಆಗುಂಬೆ ಘಾಟಿ ಇಳಿಯುತ್ತೇನೆ ಎಂದು ಅವರು ಹೇಳಿದಾಗ ನನಗೆ ನಿಜಕ್ಕೂ ಭಯವಾಯಿತು. ಮದ್ಯ ಮೊದಲ ಜಾವಕ್ಕೆ ನಿದ್ದೆ ತರಿಸಿ ಆಮೇಲಿನದನ್ನು ಒಡೆಯುತ್ತದೆ. ಸಂಜೆ ಐದಕ್ಕೆ ಕುಡಿದ ಕಾಫಿಯ ಕೆಫೀನ್ ರಾತ್ರಿ ಹತ್ತಕ್ಕೂ ಸುಮಾರು ಅರ್ಧದಷ್ಟು ಮೈಯಲ್ಲಿ ಉಳಿದಿರುತ್ತದೆ. ಒಂದನ್ನೊಂದು ಮುರಿಯುವ ಬದಲು ಎರಡೂ ಸೇರಿ ಅವರ ನಿದ್ದೆಯನ್ನೇ ಮುರಿಯುತ್ತಿದ್ದವು.

ಇವತ್ತೇ ಹಠದಿಂದ ಕುಡಿತ ಬಿಡಬೇಡಿ ಎಂದೆ. ಪತ್ನಿ ಅಚ್ಚರಿಯಿಂದ ನೋಡಿದರು. ದಿನವೂ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಕೈನಡುಕ, ಫಿಟ್ಸ್ ಬರಬಹುದು; ಆದ್ದರಿಂದ ಮೊದಲು ವೈದ್ಯರ ತಪಾಸಣೆ, ಅವರು ಹೇಳಿದಂತೆ ಬಿಡುವುದು. ಅಲ್ಲಿಯವರೆಗೆ ಬೆಳಗ್ಗೆ ಬೈಕ್ ಬೇಡ. ಕಾಫಿ ಮಧ್ಯಾಹ್ನದ ಊಟದೊಳಗೆ ಮುಗಿಯಬೇಕು. ಅದನ್ನೂ ಮೂರು ನಾಲ್ಕು ದಿನಕ್ಕೊಂದು ಲೋಟದಂತೆ ಇಳಿಸಬೇಕು, ಇಲ್ಲವಾದರೆ ತಲೆನೋವು ಕಾಡುತ್ತದೆ. ನಡುರಾತ್ರಿ ದಿಗಿಲಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲಿಯೇ ಮಾತನಾಡಬಹುದು ಎಂದು ಚೀಟಿಯಲ್ಲಿ ಬರೆದುಕೊಟ್ಟೆ.

ಎರಡನೆಯ ಭೇಟಿಯಲ್ಲಿ, ಒಬ್ಬರೇ ಇದ್ದಾಗ, ಸಾಲದ ವಿಷಯ ಹೊರಬಂತು. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಅದನ್ನು ಪತ್ನಿಯ ಮುಂದೆ ಬಿಚ್ಚಿಡಿ ಎಂಬುದೇ ನಾನು ಒತ್ತಿ ಹೇಳಿದ ಮಾತು.

ದೀಪಾವಳಿಯ ಹೊತ್ತಿಗೆ ವೈದ್ಯರ ನಿಗಾದಲ್ಲಿ ಪೆಗ್ ನಿಂತಿತ್ತು, ಕಾಫಿ ಎರಡು ಲೋಟಕ್ಕೆ ಬಂದಿತ್ತು. ನಿದ್ದೆ ಇನ್ನೂ ಪೂರ್ತಿ ಕುದುರಿರಲಿಲ್ಲ. ಸಾಲದ ಪಟ್ಟಿಯನ್ನು ಪತ್ನಿ ತಮ್ಮ ಕೈಬರಹದಲ್ಲಿ ಬರೆದು ತಂದಿದ್ದರು.