ರಾತ್ರಿ ಎದ್ದು ನೋಡೋರು ಯಾರು?

ಓದುಗರ ಪ್ರಶ್ನೆ, ನಮ್ಮ ಉತ್ತರ

ಮನೆಯ ಹಿರಿಯರ ಆರೈಕೆ ಬಗ್ಗೆ ಬರೆಯಿರಿ ಅಂತ ಹೋದ ಸಂಚಿಕೆಯಲ್ಲಿ ಕೇಳಿದ್ದೆವು. ಶಿರಸಿ, ಸಿದ್ದಾಪುರ ಕಡೆಯಿಂದ ಜಾಸ್ತಿ ಪತ್ರ ಬಂದವು, ಕರಾವಳಿಯಿಂದಲೂ ಬಂದವು. ಹೆಸರು ಬೇಡ ಅಂತ ಎಲ್ಲರೂ ಬರೆದಿದ್ದಾರೆ, ಹಾಗಾಗಿ ಊರು ಮಾತ್ರ ಹಾಕಿದ್ದೇವೆ.

ನಮ್ಮ ಮನೆ ಶಿರಸಿ ಪೇಟೆಯಿಂದ ಇಪ್ಪತ್ತು ಕಿಲೋಮೀಟರ್ ಒಳಗೆ. ಅಪ್ಪನಿಗೆ 81 ವರ್ಷ, ಸ್ಟ್ರೋಕ್ ಆಗಿ ಬಲಗಡೆ ಸ್ವಾಧೀನ ಇಲ್ಲ. ಆಯಿಗೆ 74, ಮಂಡಿನೋವು. ನಾನು ಬೆಂಗಳೂರಿನಲ್ಲಿ, ತಂಗಿ ಪುಣೆಯಲ್ಲಿ. ಏಜೆನ್ಸಿಯಿಂದ ಕರೆಸಿದ ಹೋಂ ನರ್ಸ್ ಒಬ್ಬ ಹತ್ತು ದಿನಕ್ಕೆ ಹೋದ, ಇನ್ನೊಬ್ಬ ನೆಟ್‌ವರ್ಕ್ ಇಲ್ಲ ಅಂತ ಎರಡೇ ದಿನಕ್ಕೆ ಹೊರಟ. ತಿಂಗಳಿಗೆ 27 ಸಾವಿರ ಕೊಡಲು ತಯಾರಿದ್ದೇವೆ. ಅಪ್ಪನಿಗೆ ತೋಟ ಬಿಟ್ಟು ಬೆಂಗಳೂರಿಗೆ ಬರಲು ಮನಸ್ಸಿಲ್ಲ. ಏನು ಮಾಡಲಿ?
– ಶಿರಸಿ ತಾಲೂಕು

ಇಷ್ಟು ವಿವರವಾಗಿ ಬರೆದಿದ್ದೀರಿ, ಆದರೆ ರಾತ್ರಿ ಅಪ್ಪನನ್ನು ಮಗ್ಗುಲು ಬದಲಿಸೋರು ಯಾರು ಅಂತ ಬರೆದಿಲ್ಲ. ಆಯಿಯೇ ಇರಬೇಕು. ಮಂಡಿನೋವಿನ 74ರ ಹೆಂಗಸು ರಾತ್ರಿ ಮೂರ್ನಾಲ್ಕು ಸಲ ಎದ್ದು ಗಂಡನನ್ನು ಹೊರಳಿಸ್ತಾ ಇದ್ದರೆ ಆರು ತಿಂಗಳಲ್ಲಿ ನಿಮ್ಮ ಮನೆಯಲ್ಲಿ ಇಬ್ಬರು ಹಾಸಿಗೆ ಹಿಡೀತಾರೆ. ಮೊದಲು ಅದಕ್ಕೊಂದು ದಾರಿ ಮಾಡಿ.

ಹೊರಳಿಸೋದು ಸಣ್ಣ ಕೆಲಸ ಅಲ್ಲ. ತಾನಾಗಿ ಅಲ್ಲಾಡಲು ಆಗದವರನ್ನು ಸುಮಾರು ಎರಡು ಗಂಟೆಗೊಮ್ಮೆ ಬೇರೆ ಮಗ್ಗುಲಿಗೆ ಮಲಗಿಸಬೇಕು. ಕೈ ಹಿಡಿದು ಎಳೆಯಬಾರದು, ಸ್ಟ್ರೋಕ್ ಆದ ಕಡೆಯ ಭುಜ ಜಾರುತ್ತದೆ. ಹಳೆಯ ಕಾಟನ್ ಪಂಚೆಯನ್ನು ಎರಡು ಮಡಿಕೆ ಮಾಡಿ, ಭುಜದಿಂದ ತೊಡೆಯವರೆಗೆ ಅಡಿಗೆ ಹಾಸಿ, ಇಬ್ಬರು ಆಚೆಈಚೆ ನಿಂತು ಪಂಚೆಯನ್ನೇ ಎತ್ತಿ ಸರಿಸಬೇಕು. ಎತ್ತದೆ ಎಳೆದರೆ ಚರ್ಮ ಉಜ್ಜುತ್ತದೆ. ದಿನಾ ಸ್ನಾನದ ಹೊತ್ತಿಗೆ ಹಿಮ್ಮಡಿ, ಸೊಂಟದ ಬದಿ, ಬಾಲದ ಮೂಳೆ ನೋಡಿ. ಕೆಂಪಾದ ಜಾಗವನ್ನು ಬೆರಳಿಂದ ಒತ್ತಿ ಬಿಟ್ಟಾಗಲೂ ಕೆಂಪು ಹಾಗೇ ಉಳಿದಿದ್ದರೆ ಹುಣ್ಣು ಶುರುವಾಗ್ತಿದೆ ಅಂತಲೇ ಲೆಕ್ಕ. ಗಾಳಿ ಹಾಸಿಗೆ ಹಾಕಿಸಿ, ಆದರೆ ಅದು ಬಂತು ಅಂತ ಹೊರಳಿಸೋದು ಬಿಡಬೇಡಿ. ಕರೆಂಟ್ ಹೋದರೆ ಅದರ ಮೋಟಾರೂ ನಿಲ್ಲುತ್ತದೆ, ಮಳೆಗಾಲದಲ್ಲಿ ನಿಮ್ಮೂರಿನ ಕರೆಂಟ್ ಕಥೆ ನಿಮಗೇ ಗೊತ್ತಲ್ವಾ.

ಇನ್ನು ಓಡಿಹೋದವರ ವಿಷಯ. ನೆಟ್‌ವರ್ಕ್ ಇಲ್ಲ ಅನ್ನೋದು ಸುಳ್ಳಲ್ಲ. ಗುರುತುಪರಿಚಯ ಇಲ್ಲದ ಕಾಡಿನ ಮನೆಯಲ್ಲಿ, ಮನೆಗೊಂದು ಫೋನೂ ಮಾಡಲಾಗದೆ, ರಜೆಯಿಲ್ಲದೆ 24 ಗಂಟೆ ಇರು ಅಂದರೆ ನೀವಾದರೂ ಇರ್ತಿದ್ದಿರಾ? ಅವನಿಗೆ ಮಲಗಲು ಎಲ್ಲಿ ಜಾಗ ಕೊಟ್ಟಿದ್ದಿರಿ? ಜಗುಲಿಯಲ್ಲಿ ಚಾಪೆ, ಊಟ ಎಲ್ಲರದ್ದೂ ಮುಗಿದ ಮೇಲೆ, ನಡುವೆ ಕೊಟ್ಟಿಗೆ ಕೆಲಸವೂ ಸ್ವಲ್ಪ ಅಂತ ಆಗಿದ್ದರೆ (ನಿಮ್ಮಲ್ಲಿ ಹಾಗಿತ್ತು ಅಂತ ಹೇಳ್ತಿಲ್ಲ, ಬೇರೆ ಪತ್ರಗಳಲ್ಲಿ ಓದಿದ್ದೇವೆ) ಏಜೆನ್ಸಿ ಬದಲಿಸಿ ಪ್ರಯೋಜನ ಇಲ್ಲ.

ನಮ್ಮ ಸಲಹೆ, ಹೊರಗಿನ ಒಬ್ಬನ ಬದಲು ಊರಿನ ಇಬ್ಬರನ್ನು ಹುಡುಕಿ. ಒಬ್ಬರಿಗೆ ಹಗಲು, ಒಬ್ಬರಿಗೆ ರಾತ್ರಿ. ಪಾಳಿ ಬದಲಾಗುವ ಹೊತ್ತಿಗೆ ಇಬ್ಬರೂ ಸಿಗ್ತಾರೆ, ಸ್ನಾನ ಮತ್ತು ಎತ್ತುವ ಕೆಲಸ ಆಗ ಇಟ್ಟುಕೊಳ್ಳಿ. ರಾತ್ರಿಗೆ ಆಯಿ ಎದ್ದು ಎತ್ತೋದು ಬೇಡ. ದಿಂಬು ಕೊಟ್ಟು ಓರೆಯಾಗಿ ಮಲಗಿಸೋದನ್ನು ಒಬ್ಬರೇ ಮಾಡಬಹುದು. ಶಿರಸಿಯಿಂದ ಫಿಸಿಯೋಥೆರಪಿಸ್ಟ್ ಒಬ್ಬರನ್ನು ಮನೆಗೆ ಕರೆಸಿ ಇದನ್ನೆಲ್ಲ ಕೈಯಾರೆ ಮಾಡಿಸಿ ಕಲಿಸಿ. ನಿಮ್ಮ 27 ಸಾವಿರ ಇಬ್ಬರಿಗೂ ಹಂಚಿದರೆ ಸಾಲದೇ ಬರಬಹುದು. ಅಡಿಕೆಯ ಕೊನೆಕೊಯ್ಲು ಶುರುವಾದರೆ ತೋಟದ ಕೂಲಿ ಏರುತ್ತದೆ, ಸುಲಿಯಲು ಕೂತರೂ ಒಳ್ಳೆ ದುಡ್ಡು. ನಿಮ್ಮ ಸಂಬಳ ಅದಕ್ಕಿಂತ ಕಡಿಮೆ ಇದ್ದರೆ ಆ ಮೂರು ತಿಂಗಳು ಯಾರೂ ಬರಲ್ಲ. ಹಾಗಾಗಿ ತಿಂಗಳ ಸಂಬಳ, ವಾರಕ್ಕೊಂದು ರಜೆ, ರಜೆಯ ದಿನ ಯಾರು ಅನ್ನೋದು ಎಲ್ಲ ಒಂದು ಹಾಳೆಯಲ್ಲಿ ಬರೆದಿಡಿ. ತಂಗಿಯೂ ಪಾಲು ಹಾಕಲಿ.

ಬೆಂಗಳೂರಿಗೆ ಈಗಲೇ ಬೇಡ. ಹದಿಮೂರನೇ ಮಹಡಿಯ ರೂಮಿನಲ್ಲಿ ಗೋಡೆ ನೋಡ್ತಾ ಮಲಗೋದಕ್ಕಿಂತ ಕಿಟಕಿಯಲ್ಲಿ ಅಡಿಕೆ ಮರ ಕಾಣೋದು ವಾಸಿ. ಆದರೆ ನೀರು ಕುಡಿಯುವಾಗ ಕೆಮ್ಮು, ಊಟ ನೆತ್ತಿಗೇರೋದು ಇದ್ದರೆ ತಡ ಮಾಡಬೇಡಿ, ಡಾಕ್ಟರಿಗೆ ತೋರಿಸಿ. ಅನ್ನ ಶ್ವಾಸಕೋಶಕ್ಕೆ ಹೋದರೆ ನ್ಯುಮೋನಿಯಾ. ಕೂರಿಸಿಯೇ ಉಣ್ಣಿಸಿ, ಉಂಡ ಮೇಲೂ ಅರ್ಧ ಗಂಟೆ ಕೂತಿರಲಿ. ಅಂಥ ತೊಂದರೆ ಇದ್ದರೆ ಜೂನ್‌ಗೆ ಮೊದಲೇ ಶಿರಸಿ ಪೇಟೆಯಲ್ಲಿ ನೆಲಮಟ್ಟದ ಬಾಡಿಗೆ ಮನೆ ಹಿಡಿದು ನಾಲ್ಕು ತಿಂಗಳು ಅಲ್ಲಿ ಇಡಿ. ನಮ್ಮ ಉತ್ತರ ಕನ್ನಡ ಜಿಲ್ಲೆಗೊಂದು ಸುಸಜ್ಜಿತ ಆಸ್ಪತ್ರೆ ಬೇಕು ಅಂತ 2019ರಲ್ಲಿ ಜಾಲತಾಣಗಳಲ್ಲಿ ಜನ ಅಷ್ಟು ದೊಡ್ಡದಾಗಿ ಕೂಗೆಬ್ಬಿಸಿದ್ದು ಸುಮ್ನೆ ಅಲ್ಲ. ದೊಡ್ಡ ಕಾಯಿಲೆ ಅಂದರೆ ಇವತ್ತಿಗೂ ನಮಗೆ ಹುಬ್ಬಳ್ಳಿ, ಮಣಿಪಾಲ, ಮಂಗಳೂರು, ಇಲ್ಲವೇ ಗೋವಾ.

ಅತ್ತೆಗೆ ಮರೆವಿನ ಕಾಯಿಲೆ. ಕನ್ನಡ ಪೂರ್ತಿ ಮರೆತು ಈಗ ಕೊಂಕಣಿ ಮಾತ್ರ ಆಡುತ್ತಾರೆ. ಸಂಜೆಯಾದರೆ 'ಮನೆಗೆ ಹೋಗ್ತೇನೆ' ಅಂತ ಗೇಟಿನವರೆಗೆ ಹೋಗಿ ನಿಲ್ಲುತ್ತಾರೆ. ನಾನು ಬ್ಯಾಂಕ್ ಉದ್ಯೋಗಿ, ಗಂಡನಿಗೆ ಶಿಫ್ಟ್ ಕೆಲಸ. ಆರೈಕೆ ಕೇಂದ್ರಕ್ಕೆ ಸೇರಿಸಿದರೆ ಜನ ಏನಂತಾರೋ ಅಂತ ಭಯ. ಒಳ್ಳೆ ಕೇಂದ್ರ ಅಂತ ಹೇಗೆ ಗೊತ್ತಾಗುತ್ತೆ?
– ಕಾರವಾರ

ಏನಾದರೂ ಅನ್ನುವ ಜನರನ್ನು ಸಂಜೆ ಐದರಿಂದ ಎಂಟರವರೆಗೆ ನಿಮ್ಮ ಗೇಟಿನ ಹತ್ತಿರ ಕೂರಿಸಿ. ಒಂದು ವಾರ ಸಾಕು.

ಸಂಜೆ ಹೊತ್ತಿಗೆ ಗಲಿಬಿಲಿ ಜಾಸ್ತಿ ಆಗೋದು ಈ ಕಾಯಿಲೆಯ ಲಕ್ಷಣವೇ, ಹಠ ಅಲ್ಲ. 'ಇದೇ ನಿಮ್ಮ ಮನೆ' ಅಂತ ವಾದ ಮಾಡಬೇಡಿ. ಕತ್ತಲಾಗುವ ಮೊದಲೇ ಎಲ್ಲ ಲೈಟ್ ಹಾಕಿ. 'ಹೋಗೋಣ, ಚಹಾ ಕುಡಿದು ಹೊರಡೋಣ' ಅಂತ ಕೊಂಕಣಿಯಲ್ಲೇ ಹೇಳಿ ಕೂರಿಸಿದರೆ ಎಷ್ಟೋ ಸಲ ಅಲ್ಲಿಗೇ ಸಮಾಧಾನ ಆಗುತ್ತದೆ. ಏಕಾಏಕಿ ಎರಡು ದಿನದಲ್ಲಿ ಗಲಿಬಿಲಿ ಹೆಚ್ಚಿದರೆ ಮಾತ್ರ ಮೂತ್ರದ ಸೋಂಕು ಇದೆಯಾ ಅಂತ ಪರೀಕ್ಷೆ ಮಾಡಿಸಿ, ವಯಸ್ಸಾದವರಲ್ಲಿ ಅದು ಹೀಗೂ ಕಾಣಿಸಿಕೊಳ್ಳುತ್ತದೆ.

ಕೇಂದ್ರ ನೋಡೋದಾದರೆ ಬೆಳಿಗ್ಗೆ ಹನ್ನೊಂದಕ್ಕೆ ಫೋನ್ ಮಾಡಿ ಹೋಗಬೇಡಿ. ಆಗ ಎಲ್ಲ ಕಡೆ ನೆಲ ಒರೆಸಿರುತ್ತದೆ, ಮ್ಯಾನೇಜರ್ ನಗ್ತಿರ್ತಾರೆ. ಸಂಜೆ ಏಳಕ್ಕೆ ಹೇಳದೆ ಹೋಗಿ. ಒಳಗೆ ಬಿಡಲ್ಲ ಅಂದರೆ ಅಲ್ಲಿಂದಲೇ ವಾಪಸ್ ಬನ್ನಿ. ಬಿಟ್ಟರೆ ರಾತ್ರಿ ಪಾಳಿಗೆ ಎಷ್ಟು ಜನ ಸಿಬ್ಬಂದಿ, ಎಷ್ಟು ಹಿರಿಯರಿಗೆ ಅಂತ ಕೇಳಿ. ಉತ್ತರ ಕೊಡೋರು ಆಫೀಸಿನವರು ಬೇಡ, ಪಾಳಿಯಲ್ಲಿರುವ ಹುಡುಗಿಯೇ ಹೇಳಲಿ. ಅಲ್ಲಿರುವ ಅಜ್ಜಿಯರ ಉಗುರು ನೋಡಿ, ಹಿಮ್ಮಡಿ ನೋಡಿ. ಮಂಚಕ್ಕೆ ಕಟ್ಟಿದ್ದಾರಾ, ಎಲ್ಲರೂ ಸಂಜೆಗೇ ಮಂಪರಿನಲ್ಲಿ ಇದ್ದಾರಾ ಗಮನಿಸಿ. ಆಸ್ಪತ್ರೆಗೆ ಸೇರಿಸಬೇಕಾದರೆ ಜೊತೆಗೆ ಯಾರು ಹೋಗ್ತಾರೆ, ನಡುವೆ ಬಿಟ್ಟರೆ ಠೇವಣಿ ಎಷ್ಟು ವಾಪಸ್ ಬರುತ್ತೆ, ಇವೆರಡು ಕರಾರಿನಲ್ಲಿ ಬರೆದಿರಬೇಕು. ಒಂದು ಕೇಂದ್ರದಲ್ಲಿ ರಾತ್ರಿ ಎಷ್ಟು ಸಿಬ್ಬಂದಿ ಇರಬೇಕು ಅಂತ ದೇಶಕ್ಕೆಲ್ಲ ಒಂದೇ ಕಡ್ಡಾಯ ನಿಯಮ ಇಲ್ಲ. 2019ರಲ್ಲಿ ಕೇಂದ್ರ ಸರ್ಕಾರ ನಿವೃತ್ತರ ಮನೆಗಳಿಗೆ ಮಾದರಿ ಮಾರ್ಗಸೂಚಿ ತಂದಿತು, 2024ರ ಫೆಬ್ರುವರಿಯಲ್ಲಿ ನೀತಿ ಆಯೋಗವೂ ಹಿರಿಯರ ಆರೈಕೆ ಸುಧಾರಣೆ ಬಗ್ಗೆ ವರದಿ ಕೊಟ್ಟಿತು. ಬಾಗಿಲು ತಟ್ಟಿ ತಪಾಸಣೆ ಮಾಡೋರು ಮಾತ್ರ ಸದ್ಯಕ್ಕೆ ನೀವೇ.

ಇನ್ನೊಂದು, ಅತ್ತೆಯ ಭಾಷೆ ಬರುವವರು ಅಲ್ಲಿ ಇರಲೇಬೇಕು. ಹೊಟ್ಟೆನೋವು ಅಂತ ಹೇಳಿಕೊಳ್ಳಲೂ ಆಗದ ಜಾಗದಲ್ಲಿ ಎ.ಸಿ. ರೂಮ್ ಇದ್ದೇನು? ಆ ಲೆಕ್ಕದಲ್ಲಿ ನಿಮಗೆ ಬೆಂಗಳೂರಿಗಿಂತ ಗೋವಾ ಸರಿ, ವಾರಕ್ಕೊಮ್ಮೆ ಹೋಗಿ ಬರಲೂ ಆಗುತ್ತದೆ. ಹೋಗ್ತಾ ಇರಿ. ಬಂದು ನೋಡೋರು ಇರುವ ಹಿರಿಯರನ್ನು ಸಿಬ್ಬಂದಿ ಬೇರೆ ಥರ ನೋಡಿಕೊಳ್ತಾರೆ, ಕಹಿ ಆದರೂ ನಿಜ.

ಮನೆ ಮಗನ ಹೆಸರಿಗೆ ದಾನಪತ್ರ ಮಾಡಿಕೊಟ್ಟೆ. ಈಗ ಊಟಕ್ಕೂ ಕೇಳುವವರಿಲ್ಲ. ವಾಪಸ್ ಪಡೆಯಬಹುದಾ?
– ಅಂಕೋಲಾ, ನಿವೃತ್ತ ಶಿಕ್ಷಕರು

ಮಾಸ್ತರರೇ, ದಾರಿ ಇದೆ. 2007ರ ಪಾಲಕರ ಮತ್ತು ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಂ ಪ್ರಕಾರ, ನೋಡಿಕೊಳ್ಳಬೇಕು ಅನ್ನುವ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು, ನೋಡಿಕೊಳ್ಳದಿದ್ದರೆ ರದ್ದು ಮಾಡಿಸಬಹುದು. ನಿಮ್ಮ ಪತ್ರದಲ್ಲಿ ಷರತ್ತು ಬರೆದಿದೆಯಾ ನೋಡಿ, ಅಥವಾ ಅದೇ ಹೊತ್ತಿಗೆ ಮಗ ಬೇರೆ ಹಾಳೆಯಲ್ಲಿ ಬರೆದುಕೊಟ್ಟದ್ದು ಇದೆಯಾ ಹುಡುಕಿ. 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅಂಥದೇ ಒಂದು ಪ್ರಕರಣದಲ್ಲಿ ತಾಯಿಯ ಪರ ತೀರ್ಪು ಕೊಟ್ಟಿದೆ. ಅರ್ಜಿ ಹಾಕಬೇಕಾದ್ದು ನಿಮ್ಮ ಉಪವಿಭಾಗದ ಸಹಾಯಕ ಕಮಿಷನರ್ (ಎ.ಸಿ.) ಕಚೇರಿಯಲ್ಲಿ. ಜೀವನಾಂಶವನ್ನೂ ಅಲ್ಲೇ ಕೇಳಬಹುದು. ಷರತ್ತು ಎಲ್ಲೂ ಬರೆದಿಲ್ಲ ಅಂದರೆ ಕಷ್ಟ ಜಾಸ್ತಿ, ಆದರೂ ಅರ್ಜಿ ಹಾಕಿ. ಹೇಗೆ ಏನು ಅಂತ ಕೇಳಲು ಹಿರಿಯರ ಸಹಾಯವಾಣಿ 14567ಕ್ಕೆ ಫೋನ್ ಮಾಡಿ.

ನಾನು ಎರಡು ವರ್ಷದಿಂದ ಹೋಂ ನರ್ಸ್ ಕೆಲಸ ಮಾಡ್ತಿದ್ದೇನೆ. ಮನೆಯವರು ಕೊಡುವ ದುಡ್ಡಿನಲ್ಲಿ ಏಜೆನ್ಸಿ ಎಷ್ಟು ಹಿಡಿಯುತ್ತೆ ಅಂತಲೇ ಹೇಳಲ್ಲ. ಇಸ್ರೇಲ್‌ಗೆ ಹೋದರೆ ಲಕ್ಷ ಸಿಗುತ್ತೆ ಅಂತಾರೆ. ಹೋಗಲಾ ಅಕ್ಕಾ?
– ಕುಮಟಾ

ತಂಗೀ, ಹೋಗಬೇಡ ಅನ್ನಲು ನಮಗೆ ಬಾಯಿ ಬರಲ್ಲ. ಕರಾವಳಿಯಿಂದ ಎಷ್ಟೋ ಮಂದಿ ಅಲ್ಲಿ ಇದೇ ಕೆಲಸ ಮಾಡಿ ಮನೆ ಕಟ್ಟಿಸಿದ್ದಾರೆ, ತಮ್ಮಂದಿರನ್ನು ಓದಿಸಿದ್ದಾರೆ. ಅಲ್ಲಿ ಅಷ್ಟು ಸಂಬಳ ಹೇಗೆ ಬರುತ್ತೆ ಗೊತ್ತಾ? ಮನೆಯಲ್ಲೇ ಇರುವ ಹಿರಿಯರ ಆರೈಕೆಗೆ ಅಂತ ವಿಮೆ 1988ರಿಂದ ಇದೆ, ಖರ್ಚಿನಲ್ಲಿ ಒಂದು ಪಾಲು ಅದರಿಂದ ಬರುತ್ತದೆ. ಜರ್ಮನಿಯಲ್ಲಿ 1995ರಲ್ಲಿ ಬಂತು, ಜಪಾನಿನಲ್ಲಿ 2000ದಲ್ಲಿ. ಜಪಾನಿನಲ್ಲಿ 40 ದಾಟಿದವರೆಲ್ಲ ಅದಕ್ಕೆ ದುಡ್ಡು ಕಟ್ಟಲೇಬೇಕು. ನಮ್ಮಲ್ಲಿ ಪೂರ್ತಿ ಮಗನ ಜೇಬಿನಿಂದ. ಅವನು ಚೌಕಾಸಿ ಮಾಡ್ತಾನೆ, ನಡುವೆ ಏಜೆನ್ಸಿ ಹಿಡಿಯುತ್ತೆ, ಉಳಿದದ್ದು ನಿನಗೆ. ಹೀಗಾಗಿ ನಮ್ಮ ಅಜ್ಜಿಯರನ್ನು ನೋಡಿಕೊಳ್ಳಬೇಕಾದವರು ಬೇರೆ ದೇಶದ ಅಜ್ಜಿಯರನ್ನು ನೋಡಿಕೊಳ್ತಿದ್ದಾರೆ. ಇದಕ್ಕೆ ನಿನ್ನನ್ನು ಬೈದು ಉಪಯೋಗ ಇಲ್ಲ.

ಆದರೆ ಯುದ್ಧ ನಡೆಯುವ ಜಾಗ ಅನ್ನೋದು ನೆನಪಿರಲಿ. ಲಕ್ಷಗಟ್ಟಲೆ ಕಮಿಷನ್ ಕೇಳಿದರೆ ಅದು ಸಾಲದ ಉರುಳು, ಹತ್ತಿರ ಹೋಗಬೇಡ. ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ಏಜೆಂಟ್ ಹೆಸರು ಇದೆಯಾ ನೋಡು. ಕರಾರನ್ನು ಅರ್ಥ ಆಗುವ ಭಾಷೆಯಲ್ಲಿ ಓದಿಸಿಕೊಂಡೇ ಸಹಿ ಮಾಡು.

ಇಲ್ಲೇ ಇರೋದಾದರೆ ಜನರಲ್ ಡ್ಯೂಟಿ ಅಸಿಸ್ಟೆಂಟ್ (ರೋಗಿಗಳ ಆರೈಕೆಯ ಸಹಾಯಕಿ) ಕೋರ್ಸ್ ಮಾಡಿಕೋ, ಕೈಯಲ್ಲಿ ಸರ್ಟಿಫಿಕೇಟ್ ಇದ್ದರೆ ಸಂಬಳ ಕೇಳುವ ಧೈರ್ಯ ಬರುತ್ತೆ. ಏಜೆನ್ಸಿಯಲ್ಲಿ ಹತ್ತು ಜನ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಇ.ಎಸ್‌.ಐ. (ನೌಕರರ ಆರೋಗ್ಯ ವಿಮೆ) ಯಾಕಿಲ್ಲ ಅಂತ ಕೇಳು. ಇಂಜೆಕ್ಷನ್ ಕೊಡು, ಮೂಗಿನ ನಳಿಗೆ ಹಾಕು ಅಂದರೆ ಆಗಲ್ಲ ಅನ್ನು. ಅದು ನರ್ಸಿಂಗ್ ಓದಿದವರ ಕೆಲಸ, ಹೆಚ್ಚುಕಡಿಮೆ ಆದರೆ ಸಿಕ್ಕಿಬೀಳೋಳು ನೀನು.

ನಮ್ಮದು ಆರು ರೂಮಿನ ಹೋಂಸ್ಟೇ. ಮಳೆಗಾಲದಲ್ಲಿ ಖಾಲಿ. ಹಿರಿಯರ ಆರೈಕೆ ಈಗ ಬೆಳೆಯುವ ಉದ್ಯಮ ಅಂತಾರಲ್ಲ, ಆರೈಕೆ ಕೇಂದ್ರ ಮಾಡಬಹುದಾ?
– ಹೊನ್ನಾವರ

ಬೆಳೀತಿರೋದು ನಿಜ. 2011ರ ಜನಗಣತಿಯಲ್ಲಿ ದೇಶದಲ್ಲಿ 60 ದಾಟಿದವರು ಸುಮಾರು 10.4 ಕೋಟಿ ಇದ್ದರು, 2050ರ ಹೊತ್ತಿಗೆ ಐದರಲ್ಲಿ ಒಬ್ಬರು ಹಿರಿಯರು ಅನ್ನುವ ಅಂದಾಜಿದೆ. ಆದರೆ ಗಿರಾಕಿ ಇದ್ದಾರೆ ಅಂದಮಾತ್ರಕ್ಕೆ ಕೆಲಸ ನಡೆಯಲ್ಲ. ಹೋಂಸ್ಟೇಗೆ ಬಂದವರು ರಾತ್ರಿ ಬಾಗಿಲು ಹಾಕಿ ಮಲಗ್ತಾರೆ, ನೀವೂ ಮಲಗ್ತೀರಿ. ಇಲ್ಲಿ ಹಾಗಿಲ್ಲ. ಆರು ಜನ ಹಿರಿಯರಿಗೆ ರಾತ್ರಿ ಎಚ್ಚರ ಇರುವ ಒಬ್ಬರಾದರೂ ಬೇಕು, ಅವರ ರಜೆಗೆ ಬದಲಿ ಬೇಕು, ಹಗಲಿಗೆ ಇಬ್ಬರು, ಅಡುಗೆಗೆ ಒಬ್ಬರು, ಕರೆದಾಗ ಬರುವ ಡಾಕ್ಟರ್ ಒಬ್ಬರು. ಮುಕ್ಕಾಲು ದುಡ್ಡು ಸಂಬಳಕ್ಕೇ ಹೋದೀತು. ಇದರ ಮೇಲೆ, ಮಳೆಗಾಲದ ಮೂರು ತಿಂಗಳು ಹಿರಿಯರು, ಡಿಸೆಂಬರಿಗೆ ಪ್ರವಾಸಿಗರು ಅಂತ ಮನಸ್ಸಿನಲ್ಲಿದ್ದರೆ ಈಗಲೇ ಬಿಟ್ಟುಬಿಡಿ. ಅಜ್ಜನನ್ನು ಸೀಸನ್ ಬಂತು ಅಂತ ಖಾಲಿ ಮಾಡಿಸಲು ಆಗಲ್ಲ.

ಆಸೆ ಇದ್ದರೆ ಹಗಲಿನ ಕೇಂದ್ರ ಮಾಡಿ. ಬೆಳಿಗ್ಗೆ ಒಂಬತ್ತಕ್ಕೆ ಕರೆದುಕೊಂಡು ಬಂದು ಸಂಜೆ ಮನೆಗೆ ಬಿಡೋದು. ಗಂಜಿ ಊಟ, ಸ್ವಲ್ಪ ವ್ಯಾಯಾಮ, ಇಸ್ಪೀಟು. ಸೊಸೆ ಕೆಲಸಕ್ಕೆ ಹೋಗಿ ಬರ್ತಾಳೆ, ನಿಮಗೂ ರಾತ್ರಿ ನಿದ್ದೆ ಇರುತ್ತೆ. ಬಚ್ಚಲಿನ ಹೊಸ್ತಿಲು ತೆಗೆಸಿ ಹಿಡಿಕೆ ಹಾಕಿಸಿ, ಗಾಲಿಕುರ್ಚಿ ಹೋಗುವಷ್ಟು ಬಾಗಿಲು ಅಗಲ ಮಾಡಿಸಿ. ಕೇರಳದ ಮಲಪ್ಪುರಂ ಕಡೆ ಎಷ್ಟೋ ವರ್ಷದಿಂದ ಊರಿನ ಸ್ವಯಂಸೇವಕರೇ ತರಬೇತಿ ಪಡೆದು ಹಾಸಿಗೆ ಹಿಡಿದವರ ಮನೆಗೆ ಹೋಗುವ ಪದ್ಧತಿ ನಡೆದಿದೆ. ಒಮ್ಮೆ ಹೋಗಿ ನೋಡಿ ಬನ್ನಿ, ಆಮೇಲೆ ಸಾಲಕ್ಕೆ ಅರ್ಜಿ ಹಾಕಿ.

70 ದಾಟಿದವರಿಗೆ ಆಯುಷ್ಮಾನ್‌ನಲ್ಲಿ 5 ಲಕ್ಷ ಅಂತಾರಲ್ಲ, ಹೋಂ ನರ್ಸ್ ಸಂಬಳ ಅದರಲ್ಲಿ ಸಿಗುತ್ತಾ?
– ಸಿದ್ದಾಪುರ

ಇಲ್ಲ. ಅದು ಆಸ್ಪತ್ರೆಗೆ ದಾಖಲಾದರೆ ಮಾತ್ರ. ಬಿಡುಗಡೆ ಆದ ಮೇಲೆ 15 ದಿನದವರೆಗಿನ ಔಷಧಿ ಸೇರುತ್ತದೆ, ಹದಿನಾರನೇ ದಿನದಿಂದ ಎಲ್ಲ ನಿಮ್ಮದೇ ಖರ್ಚು. ಖಾಸಗಿ ಆರೋಗ್ಯ ವಿಮೆ ಇದ್ದರೂ ಹೋಂ ನರ್ಸ್ ಸಂಬಳ ಸಾಮಾನ್ಯವಾಗಿ ಬರಲ್ಲ, ಪಾಲಿಸಿ ಕಾಗದ ಒಮ್ಮೆ ತೆಗೆದು ನೋಡಿ.