ಈ ಸಲ ಪಟ್ಟಿಯಲ್ಲಿ ಅವರ ಹೆಸರಿಲ್ಲ

ಪ್ರಶ್ನೆ: ನನ್ನ ಯಜಮಾನರು ಹೆಡ್ ಕಾನ್‌ಸ್ಟೆಬಲ್ ಆಗಿದ್ದರು. ರಾತ್ರಿ ನಾಕಾಬಂದಿಯಲ್ಲಿದ್ದಾಗ ಲಾರಿ ಹರಿದು ತೀರಿಕೊಂಡರು. ಹೋದ ವರ್ಷ ಅಕ್ಟೋಬರ್ 21ಕ್ಕೆ, ಪೊಲೀಸ್ ಹುತಾತ್ಮರ ದಿನ, ಪರೇಡ್ ಮೈದಾನದಲ್ಲಿ ಅವರ ಹೆಸರು ಓದಿದರು. ಗೌರವಕ್ಕೆ ಹಾರಿಸಿದ ಗುಂಡಿನ ಸದ್ದಿಗೆ ಒಂಬತ್ತು ವರ್ಷದ ಮಗ ಬೆಚ್ಚಿ ಅತ್ತುಬಿಟ್ಟ. ಈ ಸಲ ಬರಲ್ಲ ಅನ್ನುತ್ತಾನೆ. ಹೆಸರನ್ನೂ ಓದುವುದಿಲ್ಲವಂತೆ. ‘ಅವರಂತೂ ಮರೆತರು, ನೀವೂ ಹೋಗಲ್ವಾ?’ ಅಂತ ಅತ್ತೆ ಅಳುತ್ತಾರೆ. ಏನು ಮಾಡಲಿ?
– ದಾವಣಗೆರೆ ಕಡೆಯ ಓದುಗರು

ಉತ್ತರ: ಮೊದಲು ಅತ್ತೆಗೆ ಸಮಾಧಾನ ಹೇಳಿ. ಯಾರೂ ಮರೆತಿಲ್ಲ. 1959ರ ಅಕ್ಟೋಬರ್ 21ರಂದು ಲಡಾಖ್‌ನ ಹಾಟ್ ಸ್ಪ್ರಿಂಗ್ಸ್ ಬಳಿ ಚೀನಾ ಸೈನಿಕರ ಗುಂಡಿಗೆ ಹತ್ತು ಜನ ಪೊಲೀಸರು ಬಲಿಯಾದರು. ಅವರ ನೆನಪಿಗೇ ಈ ದಿನ. ಅಂದು ಓದುವುದು ಹಿಂದಿನ ಸೆಪ್ಟೆಂಬರ್‌ನಿಂದ ಈ ಆಗಸ್ಟ್‌ವರೆಗೆ ತೀರಿಕೊಂಡವರ ಹೆಸರನ್ನು ಮಾತ್ರ. ಈ ವರ್ಷ ಅಲ್ಲಿ ಬೇರೆ ಯಾರದೋ ಮನೆಯವರು ಮುಂದಿನ ಸಾಲಿನಲ್ಲಿ ಕೂತಿರುತ್ತಾರೆ. ಅತ್ತೆಗೆ ಅವರ ಪಕ್ಕ ಕೂರಬೇಕು ಅನ್ನಿಸಿದರೆ ಕರೆದುಕೊಂಡು ಹೋಗಿ.

ಕಾಯಂ ಹೆಸರು ಇರುವುದು ದೆಹಲಿಯ ಚಾಣಕ್ಯಪುರಿಯಲ್ಲಿ. ಅಲ್ಲಿನ ರಾಷ್ಟ್ರೀಯ ಪೊಲೀಸ್ ಸ್ಮಾರಕದ ಗೋಡೆಯಲ್ಲಿ ಹೆಸರು ಕೆತ್ತಿದ್ದಾರೆ. 2018ರಲ್ಲಿ ಅದು ಉದ್ಘಾಟನೆಯಾದಾಗಲೇ 34 ಸಾವಿರ ದಾಟಿತ್ತು. ನಿಮ್ಮವರ ಹೆಸರು ಸೇರಿದೆಯಾ ಅಂತ ಎಸ್‌ಪಿ ಕಚೇರಿಯಲ್ಲಿ ಕೇಳಿ. ಸಂಕೋಚ ಬೇಡ.

ಮಗನನ್ನು ಮಾತ್ರ ಎಳೆದುಕೊಂಡು ಹೋಗಬೇಡಿ. ಅವನ ತಲೆಯಲ್ಲಿ ಈಗ ಅಪ್ಪ ಅಂದರೆ ಹಾರ ಹಾಕಿದ ಫೋಟೊ, ಢಂ ಅನ್ನುವ ಸದ್ದು. ಸಾಹೇಬರ ಭಾಷಣ ಕೇಳಿದರೆ ಅಪ್ಪ ಇನ್ನೂ ದೂರ ಹೋಗುತ್ತಾರೆ, ಅಷ್ಟೇ. ಅವರ ಜೊತೆ ಡ್ಯೂಟಿ ಮಾಡಿದವರು ಯಾರಾದರೂ ಇರುತ್ತಾರಲ್ವಾ? ಒಂದು ಭಾನುವಾರ ಊಟಕ್ಕೆ ಕರೆಯಿರಿ. ಆ ರಾತ್ರಿಯ ಮಾತು ಬೇಡ ಅಂತ ಮೊದಲೇ ಹೇಳಿಡಿ. ನೈಟ್ ಬೀಟ್‌ನಲ್ಲಿ ಅಪ್ಪ ಯಾವ ಅಂಗಡಿಯ ಟೀ ಕುಡಿಯುತ್ತಿದ್ದರು, ಬೈಕ್ ಕೈಕೊಟ್ಟರೆ ಏನಂತ ಬೈಯುತ್ತಿದ್ದರು, ಬಂದೋಬಸ್ತ್‌ನಲ್ಲಿ ನಿಂತೇ ಹೇಗೆ ತೂಕಡಿಸುತ್ತಿದ್ದರು, ಅದನ್ನೆಲ್ಲ ಹುಡುಗ ಕೇಳಲಿ. ನಗಲಿ. ಅತ್ತೆಯೂ ಅಲ್ಲೇ ಕೂತಿರಲಿ.

ದೀಪಾವಳಿ ಪಟಾಕಿಗೂ ಹೀಗೇ ನಡುಗಿದರೆ, ರಾತ್ರಿ ಬೆಚ್ಚಿ ಏಳುತ್ತಿದ್ದರೆ ಸುಮ್ನೆ ಬಿಡಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, 14416ಕ್ಕೆ, ಫೋನ್ ಮಾಡಿ. ದುಡ್ಡೇನೂ ಇಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಮುಂದೆ ಯಾವಾಗಲಾದರೂ ಅವನೇ ಬರ್ತೀನಿ ಅಂದರೆ, ಗುಂಡು ಮೂರು ಸಲ ಹಾರಿಸುತ್ತಾರೆ, ಆಮೇಲೆ ಬ್ಯೂಗಲ್ ಅಂತ ಮನೆಯಲ್ಲೇ ಹೇಳಿಕೊಡಿ. ನಿಮ್ಮ ಕೈ ಹಿಡಿದುಕೊಂಡು ಎಣಿಸಲಿ.